‘ವೆರಿ ಬ್ಯೂಟಿಫುಲ್’ ಬದಲು ಏನು? ನಮ್ಮ ಮನೆ ಗ್ರೂಪ್‌ನಲ್ಲಿ ನಡೆದ ವಾದ

ದೊಡ್ಡ ಮಾವ: (ಫಾರ್ವರ್ಡ್ ಆದ ಚಿತ್ರ) ಬ್ಯೂಟಿಫುಲ್ ಬದಲು ಬಳಸಿ: ಗಾರ್ಜಿಯಸ್, ಸ್ಟನ್ನಿಂಗ್, ಪ್ರೆಟಿ, ಹ್ಯಾಂಡ್‌ಸಮ್, ಎಕ್ಸ್‌ಕ್ವಿಸಿಟ್, ಹೋಮ್ಲಿ. ಸರ್‌ಪ್ರೈಸ್ಡ್ ಬದಲು ಬಳಸಿ: ಅಮೇಜ್ಡ್, ಅಸ್ಟಾನಿಷ್ಡ್, ಸ್ಟಾರ್ಟಲ್ಡ್, ಅಪಾಲ್ಡ್.
ಪುಟ್ಟ, ಇದನ್ನ ಇವತ್ತೇ ಬಾಯಿಪಾಠ ಮಾಡು. ಮುಂದಿನ ತಿಂಗಳು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಇದೆ ಅಲ್ವಾ.

ನಾನು: ಸರಿ ಮಾವ. ಜೋಗದ ಬಗ್ಗೆ ಬರೆದಿದ್ದರಲ್ಲಿ ಆಗಲೇ ನಾಲ್ಕು ಪದ ಹಾಕಿದ್ದೇನೆ.

ಚಿಕ್ಕಮ್ಮ: ಹಾಕಿದ್ದನ್ನ ತೆಗಿ ಪುಟ್ಟ. ಅಣ್ಣ, ಬೇಜಾರು ಮಾಡ್ಕೋಬೇಡ, ಈ ಪಟ್ಟಿ ಮಕ್ಕಳ ದಾರಿ ತಪ್ಪಿಸುತ್ತೆ. ಎಲ್ಲಾ ಒಂದೇ ಅನ್ನೋ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ಒಂದೂ ಒಂದೇ ಅಲ್ಲ.

ದೊಡ್ಡ ಮಾವ: ಅದು ಹೇಗೆ ದಾರಿ ತಪ್ಪಿಸುತ್ತೆ? ನಾವು ಕನ್ನಡ ಮೀಡಿಯಮ್‌ನಲ್ಲಿ ಓದಿದವರು. ಎಲ್ಲದಕ್ಕೂ ‘ನೈಸ್’, ‘ವೆರಿ ನೈಸ್’ ಅಂತ ಎರಡೇ ಪದ ಇಟ್ಟುಕೊಂಡು ಎಷ್ಟು ಕಷ್ಟಪಟ್ಟಿದ್ದೇವೆ, ನಿನಗೆ ಗೊತ್ತಿಲ್ವಾ? ಹುಡುಗನಿಗೆ ನಾಲ್ಕು ಪದ ಜಾಸ್ತಿ ಬಂದರೆ ಒಳ್ಳೇದೇ ಅಲ್ವಾ.

ಚಿಕ್ಕಮ್ಮ: ಗೊತ್ತಿದೆ ಅಣ್ಣ, ಅದಕ್ಕೇ ಹೇಳ್ತಿರೋದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಪಟ್ಟಿಯನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ, ನೀಲಿ ಇಂಕಿನಲ್ಲಿ, ಎರಡು ಕಾಲಂ ಮಾಡಿ. ಆಗ ನಮ್ಮ ಆಫೀಸಿನ ಮ್ಯಾನೇಜರ್ ಒಬ್ಬರ ತಾಯಿ ತೀರಿಕೊಂಡರು, ಅವರು ವಿದೇಶದವರು. ನಾನು ಕಾರ್ಡ್ ತಂದು, ಡೈರಿ ತೆಗೆದು ನೋಡಿ, ‘ಸರ್‌ಪ್ರೈಸ್ಡ್’ ಸಾಧಾರಣ ಆಯ್ತು ಅಂತ ‘ಐ ವಾಸ್ ಅಮೇಜ್ಡ್ ಟು ಹಿಯರ್’ ಅಂತ ಬರೆದೆ. ಅಮೇಜ್ಡ್ ಅಂದರೆ ಸಾಮಾನ್ಯವಾಗಿ ಮೆಚ್ಚಿ ಬೆರಗಾಗೋದು. ಅಮ್ಮನನ್ನ ಕಳೆದುಕೊಂಡವರಿಗೆ ಹೋಗಿ ಹೋಗಿ ಆ ಮಾತು ಬರೆದಿದ್ದೆ. ಅವರು ಏನೂ ಅನ್ನಲಿಲ್ಲ, ಥ್ಯಾಂಕ್ಸ್ ಅಂದರು. ಎಷ್ಟೋ ದಿನ ಆದ ಮೇಲೆ ನನಗೇ ಅರ್ಥ ಆಯ್ತು. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತೆ.

ಅಕ್ಕ (ನ್ಯೂಜೆರ್ಸಿ): ಮಾವ, ‘ಹೋಮ್ಲಿ’ ಯಾರು ಸೇರಿಸಿದ್ದು ಅದರಲ್ಲಿ? ನಮ್ಮ ಕಡೆ ಮ್ಯಾಟ್ರಿಮೋನಿ ಜಾಹೀರಾತಿನಲ್ಲಿ ಮನೆವಾರ್ತೆ ನೋಡಿಕೊಳ್ಳೋ ಹುಡುಗಿ ಅನ್ನೋ ಅರ್ಥಕ್ಕೆ ಹಾಕ್ತಾರೆ. ಬ್ರಿಟನ್‌ನಲ್ಲಿ ಮನೆಗೋ ಹೋಟೆಲಿಗೋ ಹೋಮ್ಲಿ ಅಂದರೆ ಹಿತವಾಗಿದೆ ಅಂತ. ಇಲ್ಲಿ ಅಮೆರಿಕದಲ್ಲಿ ಒಬ್ಬರ ಮುಖ ನೋಡಿ ಹೋಮ್ಲಿ ಅಂದರೆ ಚೆನ್ನಾಗಿಲ್ಲ ಅಂದ ಹಾಗೆ. ಪುಟ್ಟ ನಾಳೆ ಇಲ್ಲಿಗೆ ಬಂದು ಯಾರಿಗಾದರೂ ಹಾಗಂದರೆ ಅವರಿಗೆ ನೋವಾಗುತ್ತೆ.

ದೊಡ್ಡ ಮಾವ: ಸರಿ, ಅದೊಂದು ಬಿಡೋಣ. ಆದರೆ ಪರೀಕ್ಷೆಯಲ್ಲಿ ಪದಗಳಿಗೇ ಅಂತ ಮಾರ್ಕ್ಸ್ ಇದೆ, ನಾನೇ ಓದಿದ್ದೇನೆ. ‘ಲೆಕ್ಸಿಕಲ್ ರಿಸೋರ್ಸ್’, ಕಾಲು ಭಾಗ.

ಚಿಕ್ಕಮ್ಮ: ಹೌದು, ರೈಟಿಂಗ್, ಸ್ಪೀಕಿಂಗ್ ಎರಡರಲ್ಲೂ ಕಾಲು ಭಾಗ ಇದೆ. ಅದರ ಕೆಳಗೆ ಏನು ಬರೆದಿದ್ದಾರೆ ಅಂತಾನೂ ಓದು ಅಣ್ಣ. ಅಂಕದ ಮಟ್ಟಕ್ಕೆ ಅವರು ಬ್ಯಾಂಡ್ ಅಂತಾರೆ. 7ನೇ ಬ್ಯಾಂಡ್‌ಗೆ ಅಪರೂಪದ ಪದ ಬಂದರೆ ಸಾಲದು, ಶೈಲಿ ಮತ್ತು ‘ಕೊಲೊಕೇಷನ್’ ಅರಿವೂ ಇರಬೇಕು ಅಂತಿದೆ. ಕೊಲೊಕೇಷನ್ ಅಂದರೆ ಯಾವ ಪದದ ಪಕ್ಕ ಯಾವ ಪದ ಕೂರುತ್ತೆ ಅನ್ನೋದು. ಪಟ್ಟಿಯಲ್ಲಿ ಇಲ್ಲದೇ ಇರೋದು ಅದೇ.

ದೊಡ್ಡ ಮಾವ: ಹಾಗಾದರೆ ಥೆಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶ, ಯಾಕೆ ಮಾಡಿದರು? ಬ್ರಿಟನ್ನಿನ ರೋಜೆ 1852ರಲ್ಲೇ ತಂದ. ಅದೂ ಪಟ್ಟಿ ತಾನೇ?

ಚಿಕ್ಕಮ್ಮ: ಪಟ್ಟಿಯೇ. ಆದರೆ ಅವನು ವಿಚಾರಗಳ ಪ್ರಕಾರ ಗುಂಪು ಮಾಡಿದ. ಗೊತ್ತಿರೋ ಪದ ಬಾಯಿಗೆ ಬಾರದೆ ತಡಕಾಡುವಾಗ ಅದು ಕೈಗೆ ಸಿಗುತ್ತೆ. ಗೊತ್ತೇ ಇಲ್ಲದ ಪದವನ್ನ ಅಲ್ಲಿಂದ ಎತ್ತಿ ನೇರ ವಾಕ್ಯಕ್ಕೆ ಹಾಕೋಕೆ ಆಗಲ್ಲ.
ಕನ್ನಡದಲ್ಲೇ ನೋಡು. ಹುಡುಗಿ ಲಕ್ಷಣವಾಗಿದ್ದಾಳೆ ಅಂತೀವಿ, ಜಲಪಾತ ಲಕ್ಷಣವಾಗಿದೆ ಅಂತೀವಾ? ಮುದ್ದಾದ ಮಗು, ಮುದ್ದಾದ ಅಕ್ಷರ ಸರಿ. ಮುದ್ದಾದ ಬೆಟ್ಟ ಅಂದರೆ ಯಾರಾದರೂ ಒಪ್ತಾರಾ? ಬೆನ್ನ ಹಿಂದೆ ಕುಕ್ಕರ್ ಕೂಗಿದರೆ ಬೆಚ್ಚಿಬೀಳ್ತೀವಿ, ಬೆರಗಾಗಲ್ಲ. ಬೇಲೂರಿನ ಶಿಲಾಬಾಲಿಕೆ ನೋಡಿ ಬೆರಗಾಗ್ತೀವಿ, ಬೆಚ್ಚಿಬೀಳಲ್ಲ. ಇದನ್ನ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಮನೆಯಲ್ಲಿ ಮಾತು ಕೇಳಿ ಕೇಳಿ ಬಂತು. ಆ ಬೆಚ್ಚಿಬೀಳೋದೇ ಸ್ಟಾರ್ಟಲ್ಡ್. ಅಪಾಲ್ಡ್ ಅಂದರೆ ಹೇಸಿಗೆಯೋ ದಿಗಿಲೋ ಆಗಿ ಮುಖ ಬಿಳಿಚಿಕೊಳ್ಳೋದು, ಅದರ ಹುಟ್ಟೇ ಬಿಳಿಚಿಕೊಳ್ಳೋದರಿಂದ. ಎಕ್ಸ್‌ಕ್ವಿಸಿಟ್ ಅನ್ನೋದು ನಾಜೂಕಾದ ಕೈಕೆಲಸಕ್ಕೆ ಚೆನ್ನಾಗಿ ಒಪ್ಪುತ್ತೆ, ಅಮ್ಮನ ಕಸೂತಿ ಸೀರೆ ಇದೆಯಲ್ಲ ಅಂಥದಕ್ಕೆ. ಹ್ಯಾಂಡ್‌ಸಮ್ ಅನ್ನ ಲಾಭಕ್ಕೂ ಹಾಕ್ತಾರೆ, ‘ಹ್ಯಾಂಡ್‌ಸಮ್ ಪ್ರಾಫಿಟ್’. ಪುಟ್ಟ ಹುಡುಗಿಗೆ ಹಾಕಲ್ಲ.

ಅಕ್ಕ (ನ್ಯೂಜೆರ್ಸಿ): ಅಸ್ಟಾನಿಷ್, ಸ್ಟನ್ ಎರಡಕ್ಕೂ ಬೇರು ಒಂದೇ ಅಂತ ಓದಿದ ನೆನಪು ಚಿಕ್ಕಮ್ಮ.

ಚಿಕ್ಕಮ್ಮ: ಹೌದು ಕಣೇ, ಲ್ಯಾಟಿನ್‌ನಲ್ಲಿ ಗುಡುಗಿಗೆ ಇರೋ ಪದದಿಂದ ಬಂದಿದ್ದು. ಆ ಬೇರು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು. ಒಂದೇ ಗುಡುಗು ಒಂದು ಕಡೆ ಅಚ್ಚರಿ ಆಯ್ತು, ಇನ್ನೊಂದು ಕಡೆ ‘ಸ್ಟನ್ನಿಂಗ್’ ಚೆಲುವು ಆಯ್ತು. ಪದವನ್ನ ಹೀಗೆ ಪರಿಚಯ ಮಾಡಿಕೊಂಡರೆ ಬಾಯಿಪಾಠವೇ ಬೇಕಿಲ್ಲ. ಪುಟ್ಟ, ಜೋಗದ್ದು ಏನು ಬರೆದೆ, ಹಾಕು ನೋಡೋಣ.

ನಾನು: ‘ಜೋಗ್ ಫಾಲ್ಸ್ ಈಸ್ ಪ್ರೆಟಿ, ಗಾರ್ಜಿಯಸ್, ಹ್ಯಾಂಡ್‌ಸಮ್ ಅಂಡ್ ಎಕ್ಸ್‌ಕ್ವಿಸಿಟ್.’

ಚಿಕ್ಕಮ್ಮ: ಅಲ್ಲಿ ನೀನು ನೋಡಿದ್ದೇನು? ಕನ್ನಡದಲ್ಲೇ ಹೇಳು.

ನಾನು: ಮೊದಲು ಬರೀ ಮಂಜು ಇತ್ತು. ಸದ್ದು ಮಾತ್ರ ಕೇಳಿಸ್ತಿತ್ತು. ಅಪ್ಪ ವಾಪಸ್ ಹೋಗೋಣ ಅಂದರು. ಆಮೇಲೆ ಗಾಳಿ ಬೀಸಿ ಒಂದೇ ಸಲ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣಿಸಿತು. 253 ಮೀಟರ್ ಅಂತ ಬೋರ್ಡ್ ನೋಡಿದ್ದೆ, ಆದರೆ ಅಷ್ಟು ಎತ್ತರ ಅಂದುಕೊಂಡಿರಲಿಲ್ಲ. ಯಾರೂ ಮಾತಾಡಲಿಲ್ಲ. ಅಪ್ಪನೂ.

ಚಿಕ್ಕಮ್ಮ: ಇದನ್ನೇ ಇಂಗ್ಲಿಷಿನಲ್ಲಿ ಬರಿ. ಸುಮ್ನೆ ಇದ್ದಿದ್ದು ಇದ್ದ ಹಾಗೆ. ಕೊನೆಗೆ ಒಂದೇ ಒಂದು ಪದ ಹಾಕು, ‘ಬ್ರೆತ್‌ಟೇಕಿಂಗ್’, ಉಸಿರು ನಿಂತುಹೋಗೋ ಅಂಥದ್ದು.

ನಾನು: ಪ್ರೆಟಿ ಆಗಲ್ವಾ?

ಚಿಕ್ಕಮ್ಮ: ಆಗಲ್ಲ. ಪ್ರೆಟಿ ಅಂದರೆ ಹಗುರವಾದ ಅಂದ, ಕಿಟಕಿ ಹತ್ತಿರದ ಹೂಕುಂಡಕ್ಕೆ ಸರಿ.

ದೊಡ್ಡ ಮಾವ: ಪಟ್ಟಿ ಪ್ರಿಂಟ್ ಹಾಕಿಸಿಬಿಟ್ಟಿದ್ದೇನೆ. ಭಾನುವಾರ ತರ್ತೀನಿ. ಒಂದೊಂದು ಪದದ ಮುಂದೆ ಅದು ಎಲ್ಲಿ ಕೂರುತ್ತೆ ಅಂತ ನೀನೇ ಬರೆದುಕೊಡು.

ಚಿಕ್ಕಮ್ಮ: ತಾ ಅಣ್ಣ. ಹೋಮ್ಲಿ ಮಾತ್ರ ಹೊಡೆದುಹಾಕಿ ತಾ.