ಅಪ್‌ಡೇಟ್: ಫ್ಲಾಟ್ ಬಾರ್ ಸೈಕಲ್‌ನ ಗೇರ್ ಕೊನೆಗೂ ಸರಿಯಾಯ್ತು

ಹೋದ ತಿಂಗಳು ಕೇಳಿದ್ದೆ: ಹಳೆ ರೋಡ್ ಸೈಕಲ್‌ಗೆ ಫ್ಲಾಟ್ ಬಾರ್ (ನೇರ ಹ್ಯಾಂಡಲ್) ಹಾಕಿ, ಎಂಟಿಬಿಯ (ಮೌಂಟನ್ ಬೈಕ್) 10 ಸ್ಪೀಡ್, ಅಂದರೆ ಹಿಂದೆ 10 ಗೇರ್‌ನ, ಡಿಯೋರ್ ಶಿಫ್ಟರ್ (ಗೇರ್ ಬದಲಿಸುವ ಲಿವರ್) ಕೂರಿಸಿದ್ದೇನೆ, ಹಿಂದೆ ರೋಡ್ ಸೈಕಲ್‌ನ ಟಿಯಾಗ್ರ 4600 ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ) ಇದೆ, ಗೇರ್ ಯಾಕೆ ನಿಲ್ತಿಲ್ಲ ಅಂತ. ಎರಡೂ ಶಿಮಾನೊ ಕಂಪನಿಯವು, ಎರಡೂ 10 ಸ್ಪೀಡ್. ಸರಿಹೋಗಬೇಕಲ್ವಾ ಅಂದ್ಕೊಂಡಿದ್ದೆ.

ನೀವು ಹೇಳಿದ್ದೇ ನಿಜ. ಒಂದು ಕ್ಲಿಕ್‌ಗೆ ಎಂಟಿಬಿ 10 ಸ್ಪೀಡ್ ಶಿಫ್ಟರ್ ಎಳೆಯುವ ಕೇಬಲ್ ಜಾಸ್ತಿ. ಹಳೆ ರೋಡ್ ಡಿರೇಲರ್‌ಗೆ ಅಷ್ಟು ಬೇಡ. ಆದರೆ 9 ಸ್ಪೀಡ್‌ನಲ್ಲಿ ಶಿಮಾನೊ ರೋಡ್, ಎಂಟಿಬಿ ಎರಡಕ್ಕೂ ಕೇಬಲ್ ಎಳೆತದ್ದು ಒಂದೇ ಲೆಕ್ಕ, ಮತ್ತು 4600 ಅದೇ ಲೆಕ್ಕಕ್ಕೆ ಒಪ್ಪುತ್ತದೆ! ಎಷ್ಟು ಗೇರ್ ಅನ್ನೋದು ಡಿರೇಲರ್‌ಗೆ ಗೊತ್ತೇ ಇರಲ್ಲ, ಕ್ಲಿಕ್ ಇರೋದು ಶಿಫ್ಟರ್‌ನಲ್ಲಿ. ಹಾಗಾಗಿ ಡಿರೇಲರ್ ಉಳಿಸಿಕೊಂಡು 9 ಸ್ಪೀಡ್‌ನ ಎಂಟಿಬಿ ಶಿಫ್ಟರ್ (ಶಿಮಾನೊ ಅಲಿವಿಯೊ), ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಚೈನ್ ಹಾಕಿಸಿದೆ. ಟಿಯಾಗ್ರ 4700 ಡಿರೇಲರ್ ಇರುವವರು ಹೀಗೆ ಮಾಡಬೇಡಿ, ಅದರ ಲೆಕ್ಕ ಬೇರೆ.

ಮುಂದಿನ ಡಿರೇಲರ್‌ಗೂ ರೋಡ್, ಎಂಟಿಬಿ ಎಳೆತ ಬೇರೆ. ಅಲ್ಲಿ ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರ್ ಸಾಕಾಯ್ತು.

ಬ್ರೇಕ್ ಬಗ್ಗೆ ಯಾರೂ ಕೇಳಿರಲಿಲ್ಲ, ಆದರೂ ಹೇಳ್ತೇನೆ. ಅಂಗಡಿಯವರು ವಿ ಬ್ರೇಕ್‌ಗೆ (ಉದ್ದ ತೋಳಿನ ಬ್ರೇಕ್) ಮಾಡಿದ ಲಿವರ್ ಕೊಟ್ಟಿದ್ದರು. ನನ್ನ ರೋಡ್ ಸೈಕಲ್‌ನ ಕ್ಯಾಲಿಪರ್ ಬ್ರೇಕ್‌ಗೆ ಅದು ಸಲ್ಲದು, ಎಷ್ಟು ಒತ್ತಿದರೂ ಹಿಡಿತ ಕಮ್ಮಿ. ಘಟ್ಟ ಇಳಿಯುವಾಗ ಇದು ಜೀವದ ಪ್ರಶ್ನೆ. ಕ್ಯಾಲಿಪರ್‌ಗೆ ಹೊಂದುವ ಲಿವರನ್ನೇ ತಗೊಳ್ಳಿ.

ಭಾನುವಾರ ಸೋಮೇಶ್ವರದಿಂದ ಆಗುಂಬೆ ಹತ್ತಿದೆ. 14 ತಿರುವುಗಳಲ್ಲಿ ಒಂದು ಸಲವೂ ಚೈನ್ ಹಾರಲಿಲ್ಲ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ. ಆ ಡಿಯೋರ್ ಶಿಫ್ಟರ್ ಹೊಸದಾಗೇ ಇದೆ, ಶಿವಮೊಗ್ಗದಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ.