ಕೊಜುಮೆಲ್‌ನಲ್ಲಿ ಒಂದು ದಿನ: ಹಡಗಿನವರ ಟೂರಾ, ನಾವೇ ಹೋಗೋದಾ?

ಹಾಸನದ_ಸೊಸೆ: ಜುಲೈನಲ್ಲಿ ಮಯಾಮಿಯಿಂದ ಕ್ರೂಸ್ ಹೊರಟಿದ್ದೇವೆ. ಊರಿಂದ ಅತ್ತೆ ಮಾವನೂ ಬಂದಿದ್ದಾರೆ. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತೆ. ಮಾವನಿಗೆ ಕಡಲಾಚೆ ದಡದ ತುಲುಮ್‌ನಲ್ಲಿರುವ, ಹಳೇ ಮಾಯಾ ಜನಾಂಗದ ಗುಡಿಗಳನ್ನು ನೋಡುವ ಆಸೆ. ಹಡಗಿನವರ ಟೂರ್ ತಲೆಗೆ 130 ಡಾಲರ್. ನಾವೇ ಹೋದರೆ ಅದರ ಅರ್ಧಕ್ಕೆ ಮುಗಿಯುತ್ತೆ ಅಂತಾರೆ. ಮಾವನಿಗೆ ಮಂಡಿ ನೋವು ಬೇರೆ. ಏನು ಮಾಡೋದು?

ಗ್ಯಾಲ್ವೆಸ್ಟನ್_ಗೌಡ: ಮೇಡಂ, ಸುಮ್ನೆ ದುಡ್ಡು ಸುರೀಬೇಡಿ. ಪೇಟೆಯಲ್ಲೇ ಫೆರ್ರಿ ಹತ್ತಿ. 45 ನಿಮಿಷಕ್ಕೆ ಆಚೆ ದಡದ ಪ್ಲಾಯಾ ದೆಲ್ ಕಾರ್ಮೆನ್. ಅಲ್ಲಿಂದ ಬಸ್ಸಲ್ಲಿ ಸುಮಾರು ಒಂದು ಗಂಟೆ. ನಾವು ಮೂರು ಸಲ ಹೀಗೇ ಹೋಗಿದ್ದೇವೆ. ಒಮ್ಮೆಯೂ ತಡವಾಗಿಲ್ಲ.

ಟ್ಯಾಂಪಾ_ರಾಯ: "ಒಮ್ಮೆಯೂ ತಡವಾಗಿಲ್ಲ" ಅನ್ನೋದನ್ನು ನಂಬಿ ವಯಸ್ಸಾದವರನ್ನು ಕರ್ಕೊಂಡು ಹೋಗೋಕಾಗಲ್ಲ ಗೌಡ್ರೇ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತೆ, ಇಲ್ಲಾಂದ್ರೆ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ನಾವಾಗಿ ಹೋಗಿ ತಡವಾದರೆ ಅದು ಹೊರಟೇ ಹೋಗುತ್ತೆ. ಇನ್ನೊಂದು ಮಾತು. ಬೇಸಿಗೆಯಲ್ಲಿ ದ್ವೀಪದ ಗಡಿಯಾರ ಮಯಾಮಿಗಿಂತ ಒಂದು ಗಂಟೆ ಹಿಂದೆ. ಹಡಗು ತನ್ನ ಸಮಯ ಬದಲಿಸದಿದ್ದರೆ, ನಿಮ್ಮ ಫೋನು ದ್ವೀಪದ ಸಮಯ 3:30 ತೋರಿಸುವಾಗ ಹಡಗಿನಲ್ಲಿ 4:30 ಆಗಿರುತ್ತೆ. ಕಳೆದ ಆಗಸ್ಟ್‌ನಲ್ಲಿ ಗಂಡ ಹೆಂಡತಿ ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದರು. ಹತ್ತೋ ದಾರಿ ಎತ್ತಿಬಿಟ್ಟಿದ್ರು. ಆಕೆ ಕಟ್ಟೆ ಮೇಲೇ ಕುಸಿದು ಕೂತರು. ನಾವು ಮೇಲಿನಿಂದ ನೋಡ್ತಾ ನಿಂತಿದ್ದೆವು.

ಗ್ಯಾಲ್ವೆಸ್ಟನ್_ಗೌಡ: "ಒಂದು ಗಂಟೆ ಹಿಂದೆ" ಅನ್ನೋದು ತಪ್ಪು. ನಾವು ಜೂನ್‌ನಲ್ಲಿ ಹೋದಾಗ ಹಡಗಿನ ಗಡಿಯಾರ, ದ್ವೀಪದ ಗಡಿಯಾರ ಎರಡೂ ಒಂದೇ. ಜನರನ್ನು ಹೆದರಿಸಬೇಡಿ.

ಟ್ಯಾಂಪಾ_ರಾಯ: ನೀವು ಹೋಗಿದ್ದು ಟೆಕ್ಸಾಸ್‌ನಿಂದ, ಅಲ್ಲಿನ ಗಡಿಯಾರ ಮಯಾಮಿಗಿಂತ ಒಂದು ಗಂಟೆ ಹಿಂದೆಯೇ ಇರುತ್ತೆ. ಅವರು ಹೊರಟಿರೋದು ಮಯಾಮಿಯಿಂದ. ಕೊಜುಮೆಲ್ ಇರುವ ಕಿಂತಾನಾ ರೋ ರಾಜ್ಯ 2015ರಿಂದ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡಿದೆ. ಬೇಸಿಗೆ ಬಂದರೆ ಮಯಾಮಿ ಇರುವ ಫ್ಲೋರಿಡಾದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡ್ತಾರೆ, ದ್ವೀಪದಲ್ಲಿ ಇಡಲ್ಲ.

ಮಂಡ್ಯದ_ಮಗಳು: "ವರ್ಷಪೂರ್ತಿ ಒಂದೇ" ಹೇಗಾಗುತ್ತೆ? ನಾವು ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಿಂದ ಹೋದೆವು. ದ್ವೀಪ ನಮಗಿಂತ ಒಂದು ಗಂಟೆ ಮುಂದೆ ಇತ್ತು! ಗಡಿಯಾರದ ಫೋಟೋ ಇದೆ ನನ್ನ ಹತ್ತಿರ. ನೀವಿಬ್ಬರೂ ತಪ್ಪು.

ಗ್ಯಾಲ್ವೆಸ್ಟನ್_ಗೌಡ: ನಾನು ಹೇಳಿದ್ದು ಜೂನ್. ಡಿಸೆಂಬರ್ ಫೋಟೋ ಯಾಕೆ ಬಂತು?

ಟ್ಯಾಂಪಾ_ರಾಯ: ಮಂಡ್ಯದವರು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡುತ್ತೆ. ಚಳಿಗಾಲದಲ್ಲಿ ಟೆಕ್ಸಾಸ್ ಗಡಿಯಾರ ಒಂದು ಗಂಟೆ ಹಿಂದಕ್ಕೆ ಬರುತ್ತೆ, ದ್ವೀಪದ್ದು ಇದ್ದಲ್ಲೇ ಇರುತ್ತೆ.

ಮಂಡ್ಯದ_ಮಗಳು: ನನ್ನನ್ನು ನಿಮ್ಮ ಕಡೆ ಸಾಕ್ಷಿ ಮಾಡ್ಕೋಬೇಡಿ ಸರ್. ನೀವು "ಹಿಂದೆ" ಅಂದ್ರಿ. ನಾನು ಕಣ್ಣಾರೆ ನೋಡಿದ್ದು "ಮುಂದೆ".

ಕಡಲ_ಹಕ್ಕಿ: ಗಡಿಯಾರ ಬಿಡಿ. ತುಲುಮೇ ಬೇಡ ಅಂತೀನಿ. ಇರೋ 9 ಗಂಟೆಯಲ್ಲಿ ಹೋಗಿಬರೋದಕ್ಕೇ 4 ಗಂಟೆ. ಆ ಫೆರ್ರಿ ಎಷ್ಟು ಕುಲುಕುತ್ತೆ ಗೊತ್ತಾ? ನಮ್ಮಮ್ಮ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಚೀಲ ಬಾಯಿಗೆ ಹಿಡಿದು ಕೂತಿದ್ರು, ಇಳಿದ ಮೇಲೂ ಒಂದು ಗಂಟೆ ನೀರು ಕುಡೀಲಿಲ್ಲ. ದ್ವೀಪದಲ್ಲೇ ಸಾನ್ ಹೆರ್ವಾಸಿಯೊ ಇದೆ. ಇಶ್ಚೆಲ್ ದೇವಿಯ ಕ್ಷೇತ್ರ. ಮಾಯಾ ಹೆಂಗಸರು ದೋಣಿಯಲ್ಲಿ ಕಡಲು ದಾಟಿ ಅಲ್ಲಿಗೆ ಬರುತ್ತಿದ್ದರು. ಟ್ಯಾಕ್ಸಿಯಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು.

ಗ್ಯಾಲ್ವೆಸ್ಟನ್_ಗೌಡ: ಅಲ್ಲಿ ಇರೋದು ನಾಲ್ಕು ಮುರುಕಲು ಗೋಡೆ. ತುಲುಮ್‌ನಲ್ಲಿ ಕಡಲ ಬಂಡೆಯ ತುದಿಯಲ್ಲೇ ಗುಡಿ ನಿಂತಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಡಲ_ಹಕ್ಕಿ: "ಮುರುಕಲು ಗೋಡೆ"? ಹಂಪಿಯಲ್ಲಿ ಮುರಿದ ಗೋಡೆ ಇಲ್ವಾ? ಅದನ್ನು ಯಾರಾದ್ರೂ ಹಾಗೆ ಅಂದ್ರೆ ನಾವು ಸುಮ್ಮನಿರ್ತೀವಾ? ನೂರಾರು ವರ್ಷ ಜನ ಹರಕೆ ಹೊತ್ತು ಬಂದ ಜಾಗ ಅದು. ಸ್ವಲ್ಪ ಮರ್ಯಾದೆಯಿಂದ ಮಾತಾಡಿ.

ಹಾಸನದ_ಸೊಸೆ: ದಯವಿಟ್ಟು, ತುಲುಮ್‌ನಲ್ಲಿ ನಡಿಗೆ ಎಷ್ಟು ಅಂತ ಯಾರಾದರೂ ಹೇಳಿ. ಮೆಟ್ಟಿಲು ಜಾಸ್ತಿ ಇದೆಯಾ? ಮಾವ ಊರುಗೋಲು ತಂದಿದ್ದಾರೆ.

ಟ್ಯಾಂಪಾ_ರಾಯ: ನಡಿಗೆ ಇದೆಯಮ್ಮ, ನೆರಳು ಕಡಿಮೆ. ಗುಡಿಗಳ ಮೇಲೆ ಹತ್ತೋಕೆ ಬಿಡಲ್ಲ, ಹಾಗಾಗಿ ಆ ಕಷ್ಟ ಇಲ್ಲ. ಕೆಳಗೆ ಬೀಚಿಗೆ ಇಳಿಯೋ ಮರದ ಮೆಟ್ಟಿಲಿನ ತಂಟೆಗೆ ಹೋಗಬೇಡಿ. ಹಡಗಿನ ಟೂರ್ ಪಟ್ಟಿಯಲ್ಲಿ ಎಷ್ಟು ನಡೀಬೇಕು ಅಂತ ಗುರುತು ಹಾಕಿರ್ತಾರೆ, ಬುಕ್ ಮಾಡೋ ಮೊದಲು ನೋಡಿ. ಒಂದು ಗಂಟೆಯ ಲೆಕ್ಕ ಮಾತ್ರ ಮರೀಬೇಡಿ.

ಗ್ಯಾಲ್ವೆಸ್ಟನ್_ಗೌಡ: ಮತ್ತೆ ಅದೇ ಒಂದು ಗಂಟೆ! ಜೂನ್‌ನಲ್ಲಿ ಸಮಯ ಒಂದೇ ಇತ್ತು. ಫೆರ್ರಿ ಟಿಕೆಟ್ ಇನ್ನೂ ಇಟ್ಟುಕೊಂಡಿದ್ದೀನಿ. ಮನೆಗೆ ಹೋಗಿ ಹಾಕ್ತೀನಿ.

ಮಂಡ್ಯದ_ಮಗಳು: ಹಾಕಿ. ನಾನೂ ಫೋಟೋ ಹುಡುಕ್ತಿದ್ದೀನಿ.