ರಾತ್ರಿ 2.40ಕ್ಕೆ ಫೈರ್ ಕಂಪನಿ ಸೈರನ್: ಅರ್ಜಿಗೆ ಸಹಿ ಹಾಕಲಾ?

ಬೆಣ್ಣೆದೋಸೆ_ದೂರದೂರು:
ಪೆನ್ಸಿಲ್ವೇನಿಯಾದಲ್ಲಿ ಇರುವವರು ಸ್ವಲ್ಪ ಹೇಳಿ. ಫಿಲಡೆಲ್ಫಿಯಾದಿಂದ ಮುಕ್ಕಾಲು ಗಂಟೆ ದೂರದ ಸಣ್ಣ ಊರಲ್ಲಿ ಜನವರಿಯಲ್ಲಿ ಮನೆ ತಗೊಂಡೆವು. ಆಗ ಚಳಿ, ಕಿಟಕಿಯೆಲ್ಲ ಮುಚ್ಚಿತ್ತು, ಅಷ್ಟಾಗಿ ಗೊತ್ತಾಗಲಿಲ್ಲ. ಈಗ ಕಿಟಕಿ ತೆಗೆದ ಮೇಲೆ ಬಣ್ಣ ಬಯಲಾಯಿತು. ಎರಡು ಬೀದಿ ಆಚೆ ವಾಲಂಟಿಯರ್ ಫೈರ್ ಕಂಪನಿ ಇದೆ, ಅಂದರೆ ಸಂಬಳವಿಲ್ಲದೆ ಬೆಂಕಿ ಆರಿಸುವ ಊರವರ ದಳ. ಅದರ ಪಕ್ಕದ ಕಂಬದ ಮೇಲೆ ಅವರನ್ನು ಕರೆಯುವ ಸೈರನ್. ಕಳೆದ ಮಂಗಳವಾರ ರಾತ್ರಿ 2.40ಕ್ಕೆ ಕೂಗಿತು. ಐದು ತಿಂಗಳ ಮಗಳು ಎರಡೂ ಕೈ ಮೇಲೆತ್ತಿ ಬೆಚ್ಚಿಬಿದ್ದಳು. ಅಡುಗೆಮನೆ ಗೂಡಿನಲ್ಲಿ ಸ್ಟೀಲ್ ಲೋಟಗಳು ಜುಂಯ್ ಅಂದವು. ಅವಳು ಮತ್ತೆ ಮಲಗುವಾಗ ನಾಲ್ಕೂವರೆ.

ನಾನು ದಾವಣಗೆರೆಯವನು. ಚಿಕ್ಕಂದಿನಲ್ಲಿ ಮಿಲ್ ಕೂಗಿದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದರು. ಈ ಸೈರನ್‌ಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ಆ ವಾಲಂಟಿಯರ್‌ಗಳ ಸೊಂಟದಲ್ಲಿ ಪೇಜರ್ ಇದೆ, ಫೋನಿನಲ್ಲಿ ಆ್ಯಪ್ ಇದೆ. ಮತ್ತೆ ಊರನ್ನೆಲ್ಲ ಎಬ್ಬಿಸೋದು ಯಾಕೆ? ಸೈರನ್ ತೆಗೆಸಿ ಅಂತ ಪಕ್ಕದ ಮನೆಯವರು ಊರಿನ ಕೌನ್ಸಿಲ್‌ಗೆ ಅರ್ಜಿ ಬರೆದಿದ್ದಾರೆ. ಸಹಿ ಹಾಕಲಾ?

ಸುಮ್ನಿರಪ್ಪ:
ರೈಲು ಹಳಿ ಪಕ್ಕ ಮನೆ ಮಾಡಿ ರೈಲು ಕೂಗುತ್ತೆ ಅಂದ ಹಾಗಾಯ್ತು.

ಬೂಟು_ಬಾಗಿಲಲ್ಲೇ:
ಹಗಲು ಡೇಟಾಬೇಸ್ ಕೆಲಸ, ಆರು ವರ್ಷದಿಂದ ನಮ್ಮೂರ ಕಂಪನಿಯಲ್ಲಿ ವಾಲಂಟಿಯರ್. ಹಾಗಾಗಿ ನಾನು ಪಕ್ಷಪಾತಿಯೇ.

ಪೇಜರ್ ಇದೆ, ನಿಜ. ಆದರೆ ನಮ್ಮ ಆಫೀಸಿನ ನೆಲಮಾಳಿಗೆಯಲ್ಲಿ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ. ಒಮ್ಮೆ ಪೇಜರ್ ಚಾರ್ಜಿಗೆ ಹಾಕಿ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದೆ. ಮಷೀನ್ ಸದ್ದಿನ ಮೇಲೂ ಕೇಳಿಸಿದ್ದು ಸೈರನ್ ಒಂದೇ. ಇನ್ನೊಂದು, ನಾವು ಮನೆಯಿಂದ ಸ್ವಂತ ಕಾರಿನಲ್ಲಿ ನೀಲಿ ದೀಪ ಹಾಕಿಕೊಂಡು ಓಡುತ್ತೇವೆ. ಆ ದೀಪಕ್ಕೆ ಸಿಗ್ನಲ್ ದಾಟುವ ಹಕ್ಕಿಲ್ಲ. ಸೈರನ್ ಕೇಳಿದವರು ತಾವಾಗಿ ದಾರಿ ಬಿಡುತ್ತಾರೆ.

ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥ ಕಂಪನಿ ಕಟ್ಟಿದ. ಸಂಬಳ ಆಗಲೂ ಇಲ್ಲ, ಈಗಲೂ ಇಲ್ಲ. 1970ರ ದಶಕದಲ್ಲಿ ಈ ರಾಜ್ಯದಲ್ಲಿ ಸುಮಾರು 3 ಲಕ್ಷ ವಾಲಂಟಿಯರ್‌ಗಳಿದ್ದರಂತೆ. 2018ರ ಶಾಸನಸಭೆ ವರದಿಯಲ್ಲಿ ಸುಮಾರು 38 ಸಾವಿರ. ಇರುವ ನಾಲ್ಕು ಜನಕ್ಕೂ ಕೇಳಿಸದೆ ಹೋದರೆ ಗಾಡಿ ಹೊರಡುವುದೇ ಇಲ್ಲ.

ಆದರೂ ರಾತ್ರಿ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ರಾತ್ರಿ ಪೇಜರ್ ತಲೆದಿಂಬಿನ ಪಕ್ಕವೇ ಇರುತ್ತೆ. ನಮ್ಮಲ್ಲಿ 10ರಿಂದ 6ರವರೆಗೆ ಸೈರನ್ ಬಂದ್. ಹಳಬರು ಗೊಣಗಿದರು, ಆದರೆ ಅದರಿಂದ ಯಾರೂ ಕರೆ ತಪ್ಪಿಸಿಕೊಂಡಿಲ್ಲ.

ಎಡಿಸನ್_ಅಕ್ಕ:
'ತೆಗೆಸಿ' ಅಂದರೆ ಊರು ಎರಡು ಪಾಲಾಗುತ್ತೆ, ನ್ಯೂಜೆರ್ಸಿಯಲ್ಲಿ ನೋಡಿದ್ದೇನೆ. 'ರಾತ್ರಿ ಬೇಡ, ಹಗಲು ಕೂಗುವ ಹೊತ್ತು ಕಡಿಮೆ ಮಾಡಿ' ಅಂತ ಕೇಳಿ. ಟೈಮರ್ ತಿರುಗಿಸಿದರೆ ಮುಗೀತು. ಕೌನ್ಸಿಲ್‌ಗೆ ಮೊದಲು ಫೈರ್ ಕಂಪನಿಯವರ ಡ್ರಿಲ್ (ತಾಲೀಮು) ದಿನ ಹೋಗಿ ಮಾತಾಡಿ. ಬರಿಗೈಯಲ್ಲಿ ಹೋಗಬೇಡಿ.

ಬೆಣ್ಣೆದೋಸೆ_ದೂರದೂರು:
ಸೋಮವಾರ ಹೋಗಿದ್ದೆ. ಒಂದು ಡಬ್ಬಿ ಮೈಸೂರು ಪಾಕ್ ಖಾಲಿ. ಗೋಡೆ ಉದ್ದಕ್ಕೂ ಬೂಟುಗಳ ಸಾಲು, ಪ್ಯಾಂಟ್ ಮೊದಲೇ ಬೂಟಿನ ಮೇಲೆ ಮಡಚಿ ಇಳಿಸಿಟ್ಟಿದ್ದಾರೆ. ಕಾಲು ಇಟ್ಟು ಮೇಲಕ್ಕೆ ಎಳೆದುಕೊಂಡರೆ ಆಯ್ತು. ಹದಿನೆಂಟು ಬೂಟುಜೋಡಿಯಲ್ಲಿ ಏಳರ ಮೇಲೆ ಧೂಳು ಕೂತಿತ್ತು. ಕೇಳಿದೆ. ಅವರೆಲ್ಲ ಬಿಟ್ಟುಹೋದವರಂತೆ.

ಚೀಫ್‌ಗೆ ಎಪ್ಪತ್ತರ ಹತ್ತಿರ. ನನ್ನ ಮಾತು ಪೂರ್ತಿ ಕೇಳಿದರು. ರಾತ್ರಿ ಬಂದ್ ಮಾಡುವುದಕ್ಕೆ ಸದಸ್ಯರ ಮತ ಬೇಕಂತೆ, ಮುಂದಿನ ತಿಂಗಳು ಮೀಟಿಂಗ್. ಮಾಡ್ತೀನಿ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ. ನಿನ್ನೆ 1.15ಕ್ಕೆ ಮತ್ತೆ ಕೂಗಿತು, ಆಗಂತೂ ಹಾಕೇ ಬಿಡೋಣ ಅನ್ನಿಸಿತ್ತು.

ಬರುವಾಗ ಭಾನುವಾರದ ಚಿಕನ್ ಬಾರ್ಬೆಕ್ಯೂಗೆ ಎರಡು ಟಿಕೆಟ್ ಕೈಗೆ ಹಾಕಿ ದುಡ್ಡು ತಗೊಂಡರು. ನಮ್ಮ ಮನೆಯಲ್ಲಿ ಯಾರೂ ತಿನ್ನಲ್ಲ. ಹತ್ತಿರದಲ್ಲಿ ಇರುವವರಿಗೆ ಬೇಕಾ?

ಸುಮ್ನಿರಪ್ಪ:
ನನಗೆ ಬೇಕು.